ಕುದ್ಮುಲ್ ರಂಗರಾಯರೂ ಹಸಿದ ಮಕ್ಕಳ ಪಾಠಶಾಲೆಯೂ

ನಂದೂರಿನಲ್ಲಾಗಲಿ ಕಮಲಾಪುರದ ಸುತ್ತಣ ಹಳ್ಳಿಗಳಲ್ಲಾಗಲಿ ಮಧ್ಯಾಹ್ನದ ಹೊತ್ತಿನಲ್ಲಿ ಸರ್ಕಾರಿ ಪಾಠಶಾಲೆಯ ಬಳಿ ಹಾದುಹೋಗುವವರಿಗೆ ಬೇಯುವ ಬೇಳೆಯ ವಾಸನೆಯು ದೂರದಿಂದಲೇ ತಿಳಿಯುವದು. ಮಕ್ಕಳು ತಟ್ಟೆಗಳನ್ನು ಮುಂದಿಟ್ಟುಕೊಂಡು ಸಾಲಾಗಿ ಕುಳಿತುಕೊಳ್ಳುವದು ನಮಗೆಲ್ಲರಿಗೂ ದಿನನಿತ್ಯದ ನೋಟವಾಗಿದೆ. ಕರ್ನಾಟಕ ಸರ್ಕಾರದವರು 2002ನೆಯ ಇಸವಿಯಲ್ಲಿ ಅಕ್ಷರ ದಾಸೋಹವೆಂಬ ಈ ಏರ್ಪಾಡನ್ನು ಮೊದಲು ನಮ್ಮ ಕಲಬುರಗಿಯೂ ಸೇರಿದ ಈಶಾನ್ಯದ 7 ಜಿಲ್ಲೆಗಳಲ್ಲಿ ಆರಂಭಿಸಿದರು. ಆಮೇಲೆ ಅದು ರಾಜ್ಯದಲ್ಲೆಲ್ಲಾ ಹಬ್ಬಿತು. ಆದರೆ ಇದಕ್ಕೆ ಸುಮಾರು ನೂರು ವರುಷಗಳ ಮುಂಚೆಯೇ, ಸರ್ಕಾರದ ಅಪ್ಪಣೆಯಾಗಲಿ ಬೊಕ್ಕಸದ ಹಣವಾಗಲಿ ಇಲ್ಲದೆ, ಮಂಗಳೂರಿನಲ್ಲಿ ಒಬ್ಬ ವಕೀಲರು ಪಾಠಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಬಡಿಸಿದರೆಂಬದು ನಮ್ಮ ಸೀಮೆಯಲ್ಲಿ ಅನೇಕರಿಗೆ ತಿಳಿಯದು. ಅವರ ಹೆಸರು ಕುದ್ಮುಲ್ ರಂಗರಾಯರು. ಮಕ್ಕಳ ಮೈಮನಸ್ಸುಗಳ ಕ್ಷೇಮದ ವಿಷಯವಾಗಿಯೂ ಉಪಾಧ್ಯಾಯರು ಕೂಡಿ ಕೆಲಸಮಾಡುವದರ ವಿಷಯವಾಗಿಯೂ ಈಗ ನಮ್ಮ ಮಾಧ್ಯಮಿಕ ಶಾಲೆಗಳಲ್ಲಿ ಬಹಳ ಮಾತು ನಡೆಯುತ್ತಿರುವದರಿಂದ, ಅವರ ಜೀವಿತವನ್ನು ಸಂಕ್ಷೇಪವಾಗಿ ಇಲ್ಲಿ ಬರೆಯುತ್ತೇವೆ.

ರಂಗರಾಯರು 1859ನೆಯ ಇಸವಿ ಜೂನ್ ತಿಂಗಳ 29ನೆಯ ತಾರೀಕಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕುದ್ಮುಲ್ ಎಂಬ ಹಳ್ಳಿಯಲ್ಲಿ ಸಾರಸ್ವತ ಬ್ರಾಹ್ಮಣರ ಮನೆತನದಲ್ಲಿ ಹುಟ್ಟಿದರು. ತಂದೆಯು ತೀರಿಕೊಂಡ ಮೇಲೆ ಮನೆಯ ಭಾರವು ಎಳೆಯ ಹೆಗಲಿನ ಮೇಲೆ ಬಿದ್ದದ್ದರಿಂದ ಅವರು ಹೊಟ್ಟೆಪಾಡಿಗಾಗಿ ಮಂಗಳೂರಿಗೆ ಬಂದು, ಅಲ್ಪ ಸಂಬಳದ ಒಂದು ಉಪಾಧ್ಯಾಯ ಉದ್ಯೋಗವನ್ನು ಹಿಡಿದರು. ಹಗಲಿನಲ್ಲಿ ಕಲಿಸುತ್ತಾ ಉಳಿದ ವೇಳೆಯಲ್ಲಿ ತಾವೇ ಓದುತ್ತಾ ಮೊದಲು ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿಯೂ ತರುವಾಯ ವಕೀಲಿ ಪರೀಕ್ಷೆಯಲ್ಲಿಯೂ ತೇರ್ಗಡೆಯಾದರು. ಅವರು ವಕೀಲರಾದ ಮೇಲೆ ಶುಲ್ಕ ಕೊಡಲಾರದ ಬಡವರು ಅವರ ಬಾಗಿಲನ್ನು ಹುಡುಕಿಕೊಂಡು ಬರುತ್ತಿದ್ದರು. ಅವರು ವಕೀಲರಾಗುವದಕ್ಕಿಂತ ಮುಂಚೆ ಉಪಾಧ್ಯಾಯರಾಗಿದ್ದರೆಂಬದನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಯಾಕಂದರೆ ಹಲಗೆಯ ಮುಂದೆ ತೂಕಡಿಸುವ ಮಗುವು ಸೋಮಾರಿಯೋ ಹಸಿದಿದೆಯೋ ಎಂಬದನ್ನು ಬಲ್ಲವರು ತರಗತಿಯಲ್ಲಿ ನಿಂತವರೇ ಹೊರತು ಮೇಜಿನ ಮುಂದೆ ಕೂತು ವರದಿಯನ್ನು ಓದುವವರಲ್ಲ.

ಮಂಗಳೂರು ಆ ಕಾಲದಲ್ಲಿ ಹೊಸ ಸಂಗತಿಗಳನ್ನು ಕಾಣುತ್ತಿದ್ದ ಪಟ್ಟಣವು. ಬಾಸೆಲ್ ಮಿಶನಿನವರು 1834ನೆಯ ಇಸವಿಯಲ್ಲಿ ಅಲ್ಲಿಗೆ ಬಂದು ಪಾಠಶಾಲೆಗಳನ್ನೂ ಅಚ್ಚುಕೂಟವನ್ನೂ ನೇಯಿಗೆಯ ಮತ್ತು ಹಂಚಿನ ಕಾರ್ಖಾನೆಗಳನ್ನೂ ನಡಿಸುತ್ತಿದ್ದರು. 1870ನೆಯ ಇಸವಿಯಲ್ಲಿ ಉಳ್ಳಾಲ ರಘುನಾಥಯ್ಯನವರೇ ಮೊದಲಾದವರಿಂದ ಬ್ರಹ್ಮಸಮಾಜವು ಅಲ್ಲಿ ನೆಲೆಗೊಂಡಿತ್ತು. ರಂಗರಾಯರು ಈ ಬ್ರಹ್ಮಸಮಾಜದ ವಿಚಾರಗಳಿಗೆ ಮನಸ್ಸುಕೊಟ್ಟು ಜಾತಿಭೇದವನ್ನು ತೊರೆದರು. ನಮ್ಮ ಸಭೆಗಳವರು ನಂಬುವ ವಿಷಯಗಳೆಲ್ಲವನ್ನೂ ಅವರು ನಂಬಿದವರಲ್ಲ. ಆದರೂ ಅವರ ಕೆಲಸದಿಂದ ನಾವು ಕಲಿಯುವದಕ್ಕೆ ಅದು ಅಡ್ಡಿಯಾಗಬಾರದು.

ಆ ದಿನಗಳ ಪಾಠಶಾಲೆಗಳ ಸ್ಥಿತಿಯನ್ನು ತಿಳಿಯದೆ ರಂಗರಾಯರ ಕೆಲಸದ ಭಾರವು ತಿಳಿಯಲಾರದು. 1856ನೆಯ ಇಸವಿಯಲ್ಲಿ ಧಾರವಾಡದ ಸರ್ಕಾರಿ ಪಾಠಶಾಲೆಯಲ್ಲಿ ಸೇರಿಸಿಕೊಳ್ಳಬೇಕೆಂದು ಮಹಾರ ಜಾತಿಯ ಒಬ್ಬ ಹುಡುಗನು ಅರ್ಜಿಯನ್ನು ಕೊಟ್ಟನು. ಅವನನ್ನು ಒಳಗೆ ಬಿಟ್ಟರೆ ಮಿಕ್ಕ ಮಕ್ಕಳೆಲ್ಲರೂ ಹೊರಗೆ ಹೋಗುವರೆಂಬ ಭಯದಿಂದ ಆ ಅರ್ಜಿಯು ತಳ್ಳಲ್ಪಟ್ಟಿತು. ಮುಂಬಯಿಯ ಸರ್ಕಾರದವರೂ ಆ ತೀರ್ಮಾನವನ್ನು ತಿದ್ದಲಿಲ್ಲ. ಈ ಸಂಗತಿಯು ಇಂಗ್ಲೆಂಡಿನ ವರೆಗೂ ಹೋಗಿ, ಸರ್ಕಾರದ ಪಾಠಶಾಲೆಗಳು ಯಾವ ಭೇದವೂ ಇಲ್ಲದೆ ಎಲ್ಲಾ ವರ್ಗದವರಿಗೂ ತೆರೆದಿರಬೇಕೆಂಬ ನಿಯಮವು 1858ರ ಹೊತ್ತಿಗೆ ಹೊರಟಿತು. ನಿಯಮವೇನೋ ಒಳ್ಳೇದೇ. ಆದರೆ ಆ ನಿಯಮವು ಹುಟ್ಟಿ ಮೂವತ್ತು ವರುಷಗಳಾದ ಮೇಲೆಯೂ ಮಂಗಳೂರಿನ ಹೊಲಗೇರಿಯ ಮಗುವು ಪಾಠಶಾಲೆಯ ಜಗಲಿಯನ್ನು ಹತ್ತಿದ್ದು ಅಪರೂಪವೇ. ಬಾಗಿಲು ತೆರೆದಿದೆಯೆಂದು ಕಾಗದದಲ್ಲಿ ಬರೆದ ಮಾತ್ರಕ್ಕೆ, ಒಳಗೆ ಬಂದ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರು, ಅದಕ್ಕೆ ನೀರು ಹೊಯ್ಯುವವರು ಯಾರು, ಅದರ ಹಲಗೆಯನ್ನು ಮುಟ್ಟಿ ತಿದ್ದುವವರು ಯಾರು ಎಂಬ ಪ್ರಶ್ನೆಗಳು ತೀರುವದಿಲ್ಲವಷ್ಟೆ.

ಹೀಗಿರಲಾಗಿ ರಂಗರಾಯರು 1892ನೆಯ ಇಸವಿಯಲ್ಲಿ ಮಂಗಳೂರಿನ ಉರ್ವದ ಬಳಿಯ ಚಿಲಿಂಬಿಯಲ್ಲಿ ಒಂದು ಬಾಡಿಗೆಯ ಮನೆಯನ್ನು ಹಿಡಿದು, ಅಸ್ಪೃಶ್ಯರೆಂದು ಎಣಿಸಲ್ಪಟ್ಟವರ ಮಕ್ಕಳಿಗಾಗಿಯೇ ಒಂದು ಪಾಠಶಾಲೆಯನ್ನು ತೆರೆದರು. ಅದು ಬಹುಕಾಲ ಅಲ್ಲಿ ನಿಲ್ಲಲಿಲ್ಲ. ಊರಿನ ಮೇಲುಜಾತಿಯವರು ಬೆದರಿಕೆ ಹಾಕಿದರು. ಸ್ವಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ನೆಂಟರಿಷ್ಟರ ಮನೆಗಳ ಬಾಗಿಲುಗಳು ಮುಚ್ಚಿದವು. ಪಾಠಶಾಲೆಯನ್ನು ಒಂದು ಕಡೆಯಿಂದ ಎಬ್ಬಿಸಿದರೆ ಅವರು ಮತ್ತೊಂದು ಕಡೆಯಲ್ಲಿ ಇಡುತ್ತಿದ್ದರು. ಕಂಕನಾಡಿ, ಬೋಳೂರು ಮುಂತಾದ ಸ್ಥಳಗಳನ್ನು ಹತ್ತಿಇಳಿದು ಕಡೆಗೆ ಶೇಡಿಗುಡ್ಡೆಯಲ್ಲಿ ಅದಕ್ಕೆ ಒಂದು ನೆಲೆ ಸಿಕ್ಕಿತು. ಪಾಠಶಾಲೆಯು ಹೀಗೆ ಊರಿಂದೂರಿಗೆ ಅಲೆಯುವಾಗ ಚಿಕ್ಕ ಮಕ್ಕಳ ಮನಸ್ಸು ಏನಾಗಿರಬೇಕೆಂದು ನಾವು ಯೋಚಿಸಬೇಕು. ತಾವು ಓದುವದೇ ದೊಡ್ಡವರ ಸಿಟ್ಟಿಗೆ ಕಾರಣವೆಂದು ಎಂಟು ವರುಷದ ಮಗುವಿಗೂ ತಿಳಿಯುವದು.

ಮಕ್ಕಳು ಬರುವದಾದರೂ ಹೇಗೆ? ಕೂಲಿಯವರ ಮನೆಯಲ್ಲಿ ಮಗುವಿನ ಕೈಯೂ ದುಡಿಯುವ ಕೈಯೇ. ದನ ಕಾಯುವದು, ಸೌದೆ ಆಯುವದು, ಎಳೆಯ ತಮ್ಮ ತಂಗಿಯರನ್ನು ನೋಡಿಕೊಳ್ಳುವದು, ಇವೆಲ್ಲವೂ ಅದರ ಪಾಲಿನ ಕೆಲಸಗಳು. ಆ ಮಗುವನ್ನು ಹಗಲೆಲ್ಲಾ ಪಾಠಶಾಲೆಯಲ್ಲಿ ಕೂರಿಸಿದರೆ ಮನೆಗೆ ನಷ್ಟ. ಸಾಯಂಕಾಲದ ಗಂಜಿಯೇ ಕಡಿಮೆಯಾಗುವದು. ವಿದ್ಯೆಯ ಮಹಿಮೆಯನ್ನು ಕುರಿತು ಎಷ್ಟು ಉಪನ್ಯಾಸ ಮಾಡಿದರೂ ಆ ಗಂಜಿಯು ತುಂಬಿಬರುವದಿಲ್ಲ. ರಂಗರಾಯರು ಈ ಲೆಕ್ಕವನ್ನು ಅರಿತುಕೊಂಡು, ಪಾಠಶಾಲೆಗೆ ಬಂದ ಪ್ರತಿಯೊಂದು ಮಗುವಿಗೂ ದಿನಕ್ಕೆ ಎರಡು ಪೈಸೆಗಳಂತೆ ಕೊಟ್ಟರು. ಮಧ್ಯಾಹ್ನದಲ್ಲಿ ಅಲ್ಲಿಯೇ ಊಟವನ್ನೂ ಹಾಕಿಸಿದರು. ಹೀಗೆ ಮಗುವು ಮನೆಗೆ ಭಾರವಾಗದೆ ಮನೆಗೆ ಏನಾದರೂ ತರುವದಾಯಿತು. ಅದರ ಹೊಟ್ಟೆಯೂ ತುಂಬಿತು.

ದುಡ್ಡು ಕೊಟ್ಟು ಮಕ್ಕಳನ್ನು ಪಾಠಶಾಲೆಗೆ ಕರೆಯುವದು ಲಂಚವಲ್ಲವೋ ಎಂದು ಕೇಳುವವರು ಆಗಲೂ ಈಗಲೂ ಇದ್ದಾರೆ. ನಮ್ಮ ಅಭಿಪ್ರಾಯವು ಹಾಗಲ್ಲ. ಉಳ್ಳವರ ಮಗುವಿಗೆ ತಂದೆತಾಯಿಗಳು ಊಟ, ಬಟ್ಟೆ, ದೀಪದ ಎಣ್ಣೆ, ಪುಸ್ತಕ ಇವೆಲ್ಲವನ್ನೂ ಒದಗಿಸುತ್ತಾರೆ. ಅದನ್ನು ಯಾರೂ ಲಂಚವೆನ್ನುವದಿಲ್ಲ. ಬಡವರ ಮಗುವಿಗೆ ಬೇರೊಬ್ಬರು ಅದೇ ಅಗತ್ಯವನ್ನು ಒದಗಿಸಿದರೆ ಹೆಸರು ಬದಲಾಗಬೇಕಾದ ಕಾರಣವು ನಮಗೆ ಕಾಣುವದಿಲ್ಲ. ಮದ್ರಾಸ್ ಪಟ್ಟಣದ ನಗರಸಭೆಯವರು ತಮ್ಮ ಪಾಠಶಾಲೆಯ ಮಕ್ಕಳಿಗೆ ಊಟ ಹಾಕಲಾರಂಭಿಸಿದ್ದು 1920ರ ಸುಮಾರಿಗೆ. ಮದ್ರಾಸ್ ರಾಜ್ಯದಲ್ಲಿ ಕಾಮರಾಜರ ಸರ್ಕಾರವು ಅದನ್ನು ಹಬ್ಬಿಸಿದ್ದು 1956ರಲ್ಲಿ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ಆಜ್ಞಾಪಿಸಿದ್ದು 2001ರ ನವೆಂಬರ್ ತಿಂಗಳಲ್ಲಿ. ಇಷ್ಟು ದೊಡ್ಡ ದೊಡ್ಡವರು ಬಂದು ಸೇರಿದ ದಾರಿಯಲ್ಲಿ ಒಬ್ಬ ಜಿಲ್ಲಾ ಪಟ್ಟಣದ ವಕೀಲರು ಬಹಳ ಮುಂಚೆಯೇ ನಡೆದುಹೋಗಿದ್ದರು.

ಇನ್ನು ಉಪಾಧ್ಯಾಯರ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮಕ್ಕಳನ್ನು ಹುಡುಕುವದಕ್ಕಿಂತಲೂ ಕಲಿಸುವವರನ್ನು ಹುಡುಕುವದು ಅಲ್ಲಿ ಕಷ್ಟವಾಯಿತು. ಆ ಮಕ್ಕಳಿಗೆ ಕಲಿಸಿದವನು ತನ್ನ ಜಾತಿಯಲ್ಲಿ ಅವಮಾನಕ್ಕೆ ಗುರಿಯಾಗುತ್ತಿದ್ದನು. ಕಲಿಸಲು ಒಪ್ಪಿಬಂದವರಿಗೂ ಬೆದರಿಕೆಗಳು ಬಂದವು. ಒಬ್ಬ ಉಪಾಧ್ಯಾಯನು ಹೆದರಿ ಬಿಟ್ಟುಹೋದರೆ ಮರುದಿನ ಪಾಠವಿಲ್ಲ. ಪಾಠವಿಲ್ಲದ ಪಾಠಶಾಲೆಗೆ ಮಕ್ಕಳು ಎರಡು ದಿನ ಬಂದಾರು, ಮೂರನೆಯ ದಿನ ದನದ ಹಿಂದೆ ಹೋದಾರು. ಆದದರಿಂದ ಅಂಥ ಕಡೆಯಲ್ಲಿ ಕಲಿಸುವವರು ಒಬ್ಬರಿಗೊಬ್ಬರು ಆಸರೆಯಾಗಿ ನಿಲ್ಲದಿದ್ದರೆ ಯಾವದೂ ನಡೆಯಲಾರದು. ರಂಗರಾಯರು ತಾವು ದೂರದಲ್ಲಿದ್ದು ಸಂಬಳ ಕೊಡುವ ಯಜಮಾನರಾಗಿ ಉಳಿಯದೆ, ಕೋರ್ಟಿನ ಕೆಲಸದ ನಡುವೆಯೂ ಕೇರಿಗಳಿಗೆ ಹೋಗಿ, ಗುಡಿಸಲುಗಳ ಮುಂದೆ ನಿಂತು, ತಂದೆತಾಯಿಗಳೊಂದಿಗೆ ಮಾತಾಡಿ ಮಕ್ಕಳನ್ನು ಕರೆತರುತ್ತಿದ್ದರು. ಬೈಗಳು ಬಂದಾಗ ಮೊದಲು ತಮ್ಮ ಮೇಲೆ ಬರಲೆಂದು ಮುಂದೆ ನಿಂತರು. ಮುಖ್ಯೋಪಾಧ್ಯಾಯರಾದವರು ತಮ್ಮ ಜತೆಗಾರರಿಗೆ ಮಾಡಬಹುದಾದ ಸಹಾಯಗಳಲ್ಲಿ ಇದಕ್ಕಿಂತ ದೊಡ್ಡದು ಮತ್ತೊಂದಿಲ್ಲವೆಂದು ನಮಗೆ ತೋರುತ್ತದೆ.

ಕಾಲಕ್ರಮದಲ್ಲಿ ಆ ಪಾಠಶಾಲೆಗಳಲ್ಲಿ ಓದಿದವರೇ ಉಪಾಧ್ಯಾಯರಾದರು. ಇದರಿಂದ ಆದ ಪ್ರಯೋಜನವು ಎರಡು ಬಗೆಯದು. ಬೆದರಿಕೆಗೆ ಬಿಟ್ಟುಹೋಗದ ಕಲಿಸುವವರು ಸಿಕ್ಕಿದರೆಂಬದು ಒಂದು. ಮಗುವು ತನ್ನ ಕೇರಿಯಿಂದ ಬಂದವರೇ ಮೇಜಿನ ಬಳಿ ನಿಂತಿರುವದನ್ನು ಕಂಡು ತಾನೂ ಹಾಗಾಗಬಹುದೆಂದು ತಿಳಿದುಕೊಂಡಿತೆಂಬದು ಇನ್ನೊಂದು. ಮನೆಯಲ್ಲಿ ತುಳು ಭಾಷೆಯನ್ನಾಡುವ ಮಗುವಿಗೆ ಪುಸ್ತಕದ ಕನ್ನಡವು ಅರ್ಧ ಪರಭಾಷೆಯೇ. ಅದರ ಮಾತನ್ನು ಬಲ್ಲ ಉಪಾಧ್ಯಾಯರು ಹತ್ತಿರವಿದ್ದರೆ ಅಂಜಿಕೆಯು ಅರ್ಧ ಇಳಿಯುವದು. ಕಮಲಾಪುರದ ಕಡೆಯ ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳನ್ನೂ, ಕಲಬುರಗಿಯ ಸುತ್ತಿನ ಉರ್ದು ಮಾತಿನ ಮನೆಗಳ ಮಕ್ಕಳನ್ನೂ ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಪಕ್ಕದ ಮಾತನ್ನು ಹೇಳುವದಕ್ಕೆ ವಾಚಕರು ಅಪ್ಪಣೆ ಕೊಡಬೇಕು. ನಮ್ಮ ಸೀಮೆಯ ಹಳ್ಳಿಗಳಲ್ಲಿ ತೊಗರಿಯ ರಾಶಿಯ ಕಾಲದಲ್ಲಿಯೂ, ತಂದೆತಾಯಿಗಳು ದುಡಿಮೆಗಾಗಿ ಮುಂಬಯಿಗೋ ಬೆಂಗಳೂರಿಗೋ ಹೊರಟಾಗಲೂ ಆರು, ಏಳು, ಎಂಟನೆಯ ತರಗತಿಗಳ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುವರು. ಅದರ ಗುರುತು ಮುಂಚಿತವಾಗಿಯೇ ಕಾಣುವದು. ಗಣಿತದ ಉಪಾಧ್ಯಾಯರಿಗೆ ಹುಡುಗಿಯು ಲೆಕ್ಕಗಳನ್ನು ಮಾಡಿಕೊಂಡು ಬಾರದಿರುವದು ಮಾತ್ರ ಕಾಣುವದು. ಅಡುಗೆಯವ್ವಳಿಗೆ ಆಕೆಯು ತನ್ನ ತಟ್ಟೆಯ ಅನ್ನದಲ್ಲಿ ಅರ್ಧವನ್ನು ಮನೆಯ ಕೂಸಿಗಾಗಿ ಕಟ್ಟಿಕೊಳ್ಳುವದು ಕಾಣುವದು. ಆಟ ಆಡಿಸುವವರಿಗೆ ಆಕೆಯು ಗೆಳತಿಯರಿಂದ ದೂರ ಕುಳಿತಿರುವದು ಕಾಣುವದು. ಈ ಮೂವರೂ ತಮಗೆ ಕಂಡದ್ದನ್ನು ತಮ್ಮಲ್ಲಿಯೇ ಇಟ್ಟುಕೊಂಡರೆ ಹುಡುಗಿಯು ಸೋಮಾರಿ, ಹಟಮಾರಿ ಎಂಬ ಹೆಸರನ್ನು ಹೊತ್ತು ಪಾಠಶಾಲೆಯನ್ನು ಬಿಡುವಳು. ವಾರಕ್ಕೊಮ್ಮೆ ಅರ್ಧ ಗಂಟೆ ಒಂದು ಕಡೆ ಕುಳಿತು ಮಾತಾಡಿದರೆ, ಆಕೆಯ ಮನೆಯಲ್ಲಿ ತಾಯಿಯಿಲ್ಲ, ಕೂಸನ್ನು ನೋಡಿಕೊಳ್ಳುವವಳು ಆಕೆಯೇ ಎಂಬದು ಬೆಳಕಿಗೆ ಬರುವದು. ಅಡುಗೆಯವ್ವಳನ್ನೂ ಆ ಮಾತಿಗೆ ಕರೆಯಬೇಕೆಂದು ನಾವು ಬೇಕೆಂತಲೇ ಬರೆದಿದ್ದೇವೆ. ಅನೇಕ ಕಡೆಗಳಲ್ಲಿ ಆಕೆಯನ್ನು ಯಾರೂ ಕರೆಯುವದಿಲ್ಲ. ರಂಗರಾಯರ ಪಾಠಶಾಲೆಗಳಲ್ಲಿ ಊಟವೂ ಓದೂ ಕೈಗೆಲಸವೂ ಒಂದೇ ಸೂರಿನ ಕೆಳಗೆ ನಡೆಯುತ್ತಿದ್ದದರಿಂದ, ಮಗುವನ್ನು ತುಂಡುತುಂಡಾಗಿ ನೋಡುವದಕ್ಕೆ ಎಡೆಯೇ ಕಡಿಮೆಯಿತ್ತು.

ಕೈಗೆಲಸವೆಂದೆವು. 1897ನೆಯ ಇಸವಿಯಲ್ಲಿ ರಂಗರಾಯರು ಈ ಕೆಲಸಗಳನ್ನೆಲ್ಲಾ ಒಂದು ಸಂಸ್ಥೆಯ ಕೆಳಗೆ ತಂದು ಅದಕ್ಕೆ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂದು ಹೆಸರಿಟ್ಟರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜೀ ಶಿಂದೆಯವರು ಇದೇ ಬಗೆಯ ಹೆಸರಿನ ಸಂಸ್ಥೆಯನ್ನು ಮುಂಬಯಿಯಲ್ಲಿ ಸ್ಥಾಪಿಸಿದ್ದು ಇದಾದ 9 ವರುಷಗಳ ಮೇಲೆ, 1906ರಲ್ಲಿ. ಮಂಗಳೂರಿನ ಮಿಶನಿನಿಂದ ಪಾಠಶಾಲೆಗಳ ಸಂಖ್ಯೆಯು ಹೆಚ್ಚಿತು. ದೂರದಿಂದ ಬರುವ ಮಕ್ಕಳಿಗೆ ವಸತಿಯಾಯಿತು. ನೇಯಿಗೆ, ಬಡಗಿಯ ಕೆಲಸ ಮುಂತಾದ ಕಸಬುಗಳು ಕಲಿಸಲ್ಪಟ್ಟವು. ನೆಲವಿಲ್ಲದ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ಸ್ಥಳವನ್ನು ದೊರಕಿಸಿಕೊಡುವದಕ್ಕಾಗಿ ಅವರು ಸರ್ಕಾರದವರ ಬಳಿಗೆ ಅಲೆದಾಡಿದರು. ಯಾಕಂದರೆ ಒಡೆಯನು ಸಿಟ್ಟಾದ ದಿನ ಗುಡಿಸಲನ್ನು ಕಿತ್ತುಕೊಂಡು ಹೊರಡಬೇಕಾದ ಮನೆಯ ಮಗುವು ವರುಷವೆಲ್ಲಾ ಒಂದೇ ಪಾಠಶಾಲೆಯಲ್ಲಿ ಓದುವದು ಹೇಗೆ? ಕಸಬು ಕಲಿಸಿದ್ದನ್ನು ಕುರಿತು ಈಗ ಕೆಲವರು, ದಲಿತರ ಮಕ್ಕಳಿಗೆ ಮಗ್ಗವೇ ಸಾಕೆಂದು ಎಣಿಸಿದ ಹಾಗಾಯಿತಲ್ಲವೇ ಎಂದು ಪ್ರಶ್ನಿಸುತ್ತಾರೆ. ಪ್ರಶ್ನೆಯು ನ್ಯಾಯವಾದದ್ದೇ, ಓದನ್ನು ಬಿಡಿಸಿ ಕಸಬನ್ನು ಮಾತ್ರ ಕಲಿಸುವ ಕಡೆಗಳಿಗೆ ಅದು ಸಲ್ಲುವದು. ಆದರೆ ರಂಗರಾಯರು ಓದನ್ನು ಬಿಡಿಸಲಿಲ್ಲ. ತಮ್ಮ ಪಾಠಶಾಲೆಗಳಲ್ಲಿ ಕಲಿತವರು ಉಪಾಧ್ಯಾಯರಾಗಬೇಕು, ಸರ್ಕಾರದ ಉದ್ಯೋಗಗಳಿಗೆ ಹೋಗಬೇಕು, ಊರಿನ ಆಡಳಿತದ ಸಭೆಗಳಲ್ಲಿ ಕುಳಿತುಕೊಳ್ಳಬೇಕು ಎಂಬದು ಅವರ ಆಶೆಯಾಗಿತ್ತು. ಅದಕ್ಕಾಗಿ ಪ್ರಯತ್ನಿಸಿ ಕೆಲವರ ಮಟ್ಟಿಗೆ ಅದನ್ನು ಸಾಧಿಸಿಯೂ ತೋರಿಸಿದರು.

ಪರರ ಮಕ್ಕಳಿಗೆ ಒಂದು ನ್ಯಾಯ, ತನ್ನ ಮಕ್ಕಳಿಗೆ ಇನ್ನೊಂದು ನ್ಯಾಯ ಎಂಬದು ಅವರಲ್ಲಿರಲಿಲ್ಲ. ಅವರ ಮಗಳಾದ ರಾಧಾಬಾಯಿಯವರು ಬಾಲ್ಯದಲ್ಲಿಯೇ ವಿಧವೆಯಾದರು. ಆ ಕಾಲದ ರೂಢಿಯಂತೆ ಆಕೆಯನ್ನು ಮೂಲೆಯಲ್ಲಿ ಕೂರಿಸದೆ ಓದಿಸಿದರು. 1912ರಲ್ಲಿ ಬೇರೆ ಜಾತಿಯವರಾದ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ ಅವರೊಂದಿಗೆ ಆಕೆಯ ಮದುವೆಯಾಯಿತು. ಸುಬ್ಬರಾಯನ್ ಅವರು ಮುಂದೆ 1926ರಿಂದ 1930ರ ವರೆಗೆ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಗಳಾಗಿದ್ದರು. ರಾಧಾಬಾಯಿಯವರು ಆಕ್ಸ್‌ಫರ್ಡಿನಲ್ಲಿಯೂ ಓದಿ, 1930ರಲ್ಲಿ ಲಂಡನ್ನಿನ ಮೊದಲನೆಯ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಸ್ತ್ರೀಯರಲ್ಲಿ ಒಬ್ಬರಾದರು. ಅವರ ಮಗನಾದ ಪಿ. ಪಿ. ಕುಮಾರಮಂಗಲಂ ಅವರು 1966ರಲ್ಲಿ ಭಾರತದ ಸೇನೆಯ ಮುಖ್ಯಸ್ಥರಾದರು. ಈ ಸಂಗತಿಗಳು ಪಾಠಶಾಲೆಯ ಕಥೆಗೆ ಹೊರಗಿನವುಗಳಾದರೂ, ಬಹಿಷ್ಕಾರ ಹಾಕಿದವರು ಈ ಮನೆತನವು ಕೆಟ್ಟುಹೋಗುವದೆಂದು ಎಣಿಸಿದ್ದರಾದ ಕಾರಣ ಬರೆದಿದ್ದೇವೆ.

ದುಡಿದು ದುಡಿದು ರಂಗರಾಯರ ಶರೀರವು ಸೋತಿತು. ತಮ್ಮ ತರುವಾಯ ಪಾಠಶಾಲೆಗಳು ಏನಾಗುವವೆಂಬ ಚಿಂತೆಯು ಅವರನ್ನು ಕಾಡುತ್ತಿತ್ತು. ಒಬ್ಬ ಮನುಷ್ಯನ ಬಲದಿಂದ ನಿಂತ ಅನೇಕ ಒಳ್ಳೇ ಕೆಲಸಗಳು ಆ ಮನುಷ್ಯನೊಂದಿಗೇ ಮಣ್ಣಿಗೆ ಹೋಗುವದನ್ನು ನಾವೂ ನೋಡಿದ್ದೇವೆ. ಅವರು ಹಾಗಾಗಗೊಡದೆ ಮಿಶನಿನ ಭಾರವನ್ನು ಭಾರತ ಸೇವಕರ ಸಮಾಜದವರಿಗೆ ಒಪ್ಪಿಸಿಕೊಟ್ಟರು. ತಾವೇ ಮೂಲೆಗಲ್ಲಾಗಿ ಇಟ್ಟ ಸಂಸ್ಥೆಯನ್ನು ಬೇರೆಯವರ ಕೈಗೆ ಮನಃಪೂರ್ವಕವಾಗಿ ಕೊಡುವದು ಸುಲಭವಲ್ಲ. ಮುದುಕರಾದ ಮುಖಂಡರಲ್ಲಿ ಈ ಗುಣವು ವಿರಳ. 1927ರಲ್ಲಿ ಅವರು ಸನ್ಯಾಸವನ್ನು ತೆಗೆದುಕೊಂಡು ಈಶ್ವರಾನಂದ ಸ್ವಾಮಿ ಎಂಬ ಹೆಸರನ್ನು ಹೊಂದಿದರು.

1928ನೆಯ ಇಸವಿ ಜನವರಿ ತಿಂಗಳ 30ನೆಯ ತಾರೀಕಿನಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ರಂಗರಾಯರು ತೀರಿಕೊಂಡರು. ತಮ್ಮ ಶವವನ್ನು ಊರಿನ ಕಕ್ಕಸುಗಳನ್ನು ಬಳಿಯುವ ತೋಟಿಗಳೇ ಹೊರಬೇಕೆಂದು ಅವರು ಮೊದಲೇ ಹೇಳಿಟ್ಟಿದ್ದರು. ಯಾರ ನೆರಳು ಬಿದ್ದರೆ ಮೈಲಿಗೆಯೆಂದು ಅವರ ಸ್ವಜಾತಿಯವರು ಹೇಳುತ್ತಿದ್ದರೋ ಅವರೇ ಚಟ್ಟಕ್ಕೆ ಹೆಗಲು ಕೊಟ್ಟರು. 1934ರ ಫೆಬ್ರವರಿಯಲ್ಲಿ ಗಾಂಧಿಯವರು ಮಂಗಳೂರಿಗೆ ಬಂದಾಗ, ಈ ಕೆಲಸದಲ್ಲಿ ರಂಗರಾಯರನ್ನು ತಮ್ಮ ಗುರುಸ್ಥಾನದಲ್ಲಿಟ್ಟು ಗೌರವಿಸಿದರು.

ಅವರ ಸಮಾಧಿಯು ಮಂಗಳೂರಿನ ಬಾಬುಗುಡ್ಡೆಯಲ್ಲಿ ಇದೆ. ಅವರ ಮನಸ್ಸಿನಲ್ಲಿದ್ದ ಒಂದು ಬಯಕೆಯು ಅಲ್ಲಿ ಕಲ್ಲಿನ ಮೇಲೆ ಕೆತ್ತಲ್ಪಟ್ಟಿದೆ: ತಮ್ಮ ಪಾಠಶಾಲೆಯಲ್ಲಿ ಓದಿದ ದಲಿತರ ಮಗುವೊಂದು ಸರ್ಕಾರದ ದೊಡ್ಡ ಉದ್ಯೋಗಕ್ಕೆ ಏರಿ, ಮೋಟಾರಿನಲ್ಲಿ ಕುಳಿತು ಊರಿನ ಬೀದಿಯಲ್ಲಿ ಹೋಗುವಾಗ, ಆ ಗಾಡಿಯ ಚಕ್ರಗಳಿಂದ ಏಳುವ ಧೂಳು ತಮ್ಮ ತಲೆಗೆ ತಾಗಬೇಕೆಂಬದೇ ಅದರ ತಾತ್ಪರ್ಯ. ಮಂಗಳೂರಿನ ಪುರಭವನಕ್ಕೆ ಈಗ ಅವರ ಹೆಸರು ಇಡಲ್ಪಟ್ಟಿದೆ. ಆ ಕಡೆಗೆ ಪ್ರಯಾಣಮಾಡುವ ನಮ್ಮ ಸಭೆಗಳವರು ಪುರಭವನವನ್ನು ಸುಲಭವಾಗಿ ಕಂಡುಕೊಳ್ಳುವರು. ಬಾಬುಗುಡ್ಡೆಯ ದಾರಿಯನ್ನು ಮಾತ್ರ ಕೇಳಿಕೊಂಡು ಹೋಗಬೇಕಾಗುವದು.